ಸೈತಾನನ ಬೀಗತಿ

ಕೆಲ್ಡರ್‌ಬಿಯ ಡೆವಿಲ್ ಮನೆಯವರನ್ನು ಇವತ್ತು ಹೋಗಿ ಕೇಳಿ. ತಮ್ಮ ಹಿರಿಯರು ಫ್ರಾನ್ಸಿನ ಯಾವುದೋ ಕೋಟೆಯವರೆಂದೂ, ಕುದುರೆ ಕತ್ತಿ ಸಮೇತ ಸಮುದ್ರ ದಾಟಿ ಇಂಗ್ಲೆಂಡಿಗೆ ಬಂದರೆಂದೂ, ಆ ಕೋಟೆಯ ಹೆಸರೇ ಮನೆತನದ ಹೆಸರಾಯಿತೆಂದೂ ಗಂಟಲು ಸರಿಮಾಡಿಕೊಂಡು ಹೇಳುತ್ತಾರೆ. ಸಾಕ್ಷಿಗೆ ಊಟದ ಕೋಣೆಯ ಗೋಡೆಯಲ್ಲಿ ಒಂದು ಹಳೇ ಹಲಗೆ ತೂಗುತ್ತಿದೆ. ಅದರ ಮೇಲೆ ಬಾಲ ಎತ್ತಿ ಓಡುವ ಒಂದು ಕೆಂಪು ಪ್ರಾಣಿ, ಪಕ್ಕದಲ್ಲಿ ಒಂದು ಉರಿ. ಪ್ರಾಣಿ ಸಿಂಹವಂತೆ, ಉರಿ ಯುದ್ಧದ ಪಂಜಂತೆ. ಹೇಳಿಕೊಳ್ಳಲಿ, ಬಾಯಿಗೇನು ಸುಂಕ ಕಟ್ಟಬೇಕೇ? ಆದರೆ ಹೊಳೆದಂಡೆಯ ಕೇರಿಯಲ್ಲಿ ಹುಟ್ಟಿ ಬೆಳೆದವರಿಗೆ ನಿಜ ಗೊತ್ತು. ಆ ಮನೆತನದ ಮೂಲಪುರುಷ ಸಮುದ್ರ ಹಾಗಿರಲಿ, ಊರ ಹೊಳೆಯನ್ನೂ ಬಟ್ಟೆ ನೆನೆಯದಂತೆ ದಾಟಿದವನಲ್ಲ. ಅವನು ತೊಗಲು ಹದಮಾಡುವ ಗಿಲ್ಬರ್ಟ್, ಊರ ಬಾಯಲ್ಲಿ ಗಿಬ್.

ಆರುನೂರು ವರ್ಷದ ಹಿಂದಿನ ಮಾತು. ಆಗ ನಮ್ಮೂರಲ್ಲಿ ಒಬ್ಬರಿಗೆ ಒಂದೇ ಹೆಸರು, ಅದೂ ಊರೆಲ್ಲ ಹಂಚಿಕೊಂಡ ಹೆಸರು. ಗಿಲ್ಬರ್ಟ್ ಎಂದು ಕೂಗಿದರೆ ಒಂದೇ ಬೀದಿಯಲ್ಲಿ ನಾಲ್ಕೈದು ಬಾಗಿಲು ತೆರೆಯುತ್ತಿದ್ದವು. ಅದಕ್ಕೇ ಜನ ತಮಗೆ ತೋಚಿದ ಬಾಲ ಅಂಟಿಸುತ್ತಿದ್ದರು. ಸೇತುವೆ ಪಕ್ಕದವನು ಬ್ರಿಜ್, ಕುಳ್ಳನು ಶಾರ್ಟ್. ಬಾಲ ಕಟ್ಟಿಸಿಕೊಂಡವನ ಒಪ್ಪಿಗೆಯನ್ನು ಯಾರೂ ಕೇಳುತ್ತಿರಲಿಲ್ಲ. ಗಿಬ್‌ಗೆ ಬಿದ್ದ ಬಾಲ ಡೆವಿಲ್. ಸೈತಾನ ಎಂದರ್ಥ.

ಮನುಷ್ಯ ಮಾತ್ರ ಹಸುವಿನಂಥವನು. ಹಿತ್ತಲಿನ ಕೋಳಿಯನ್ನು ಓಡಿಸಬೇಕಾದರೂ ಅದಕ್ಕೆ ಬೇಜಾರಾದೀತೆಂದು ಮೆಲ್ಲಗೆ ಹೇಳುವವನು. ಹೆಸರು ಬಂದದ್ದು ವೇಷದಿಂದ. ಪ್ರತಿ ಬೇಸಿಗೆ ಕಾರ್ಪಸ್ ಕ್ರಿಸ್ಟಿ ಹಬ್ಬದ ದಿನ ನಮ್ಮೂರಲ್ಲಿ ಒಂದೊಂದು ಕಸುಬಿನವರು ಒಂದೊಂದು ಗಾಡಿಯ ಮೇಲೆ ದೇವರ ಕಥೆಯ ಒಂದೊಂದು ತುಂಡನ್ನು ಆಡುತ್ತಾ ಬೀದಿ ಬೀದಿಗೆ ಬರುತ್ತಿದ್ದರು. ತೊಗಲಿನವರ ಪಾಲಿಗಿದ್ದದ್ದು ಸೈತಾನ ಸ್ವರ್ಗದಿಂದ ಬೀಳುವ ಆಟ. ಸೈತಾನನ ವೇಷ ಕಟ್ಟಲು ಯಾರೂ ಒಪ್ಪದ ಕಾಲದಲ್ಲಿ ಗಿಬ್‌ನ ಅಜ್ಜ ಮುಂದಿನ ಹಲ್ಲು ಉದುರಿಸಿಕೊಂಡಿದ್ದ. ಮುಖವಾಡದ ಬಾಯಲ್ಲಿ ಕಾಣುವ ಹಲ್ಲಿಗೆ ಮಸಿ ಬಳಿಯುವ ಖರ್ಚು ಉಳಿಯಿತೆಂದು ವೇಷ ಅವನ ತಲೆಗೆ ಬಿತ್ತು. ಆಮೇಲೆ ಅಪ್ಪ, ಆಮೇಲೆ ಗಿಬ್.

ಮುಖವಾಡ ಮುಖಕ್ಕೇರಿತೋ, ಆ ಹಸು ಹುಲಿಯಾಗುತ್ತಿತ್ತು. ಗಿಬ್ ಅರಚಿದರೆ ಹೊಳೆಯಾಚೆಯ ನಾಯಿಗಳು ಊಳಿಡುತ್ತಿದ್ದವು. ಅವತ್ತು ಸೈತಾನನಿಗೆ ಒಂದು ಸಲಿಗೆಯೂ ಇತ್ತು. ನರಕಕ್ಕೆ ಬಿದ್ದ ಮೇಲೆ ಅವನು ಮತ್ತೆ ಹೊರಗೆ ನುಗ್ಗಿ, ನರಕದ ಒಲೆಗೆ ಸೌದೆ ಸಾಲದು ಎನ್ನುತ್ತಾ ಗುಂಪಿನಲ್ಲಿ ಪಾಪಿಗಳನ್ನು ಹುಡುಕುತ್ತಿದ್ದ. ಯಾರ ಹುಳುಕನ್ನು ಎತ್ತಿ ಆಡಿದರೂ ಆಡಿಸಿಕೊಂಡವರು ಸಿಟ್ಟಾಗುವಂತಿಲ್ಲ, ನಗಬೇಕು. ವರ್ಷವಿಡೀ ತೊಗಲು ನೆನೆಸುವ ಸುಣ್ಣದ ಗುಂಡಿ, ಅದನ್ನು ಮೆತ್ತಗಾಗಿಸುವ ನಾಯಿಯ ಹೇಲು, ಓಕ್ ತೊಗಟೆಯ ನೀರು ಇವುಗಳ ನಡುವೆ ಬದುಕುವ ಗಿಬ್‌ನನ್ನು ಕಂಡರೆ ಜನ ಮೂಗು ಮುಚ್ಚಿಕೊಂಡು ರಸ್ತೆಯ ಆಚೆ ಬದಿಗೆ ಹೋಗುತ್ತಿದ್ದರು. ಅದೇ ಜನ ಅವನನ್ನು ನೋಡಲು ಒಬ್ಬರನ್ನೊಬ್ಬರು ತಳ್ಳಿಕೊಂಡು ಬರುತ್ತಿದ್ದದ್ದು ಆ ಒಂದು ದಿನ. ಆ ದಿನವೆಂದರೆ ಅವನಿಗೆ ಪ್ರಾಣ.

ಇಂಥವನ ಮಗಳು ಸಿಸೊಟ್. ತಾಯಿಯಿಲ್ಲದ ಹುಡುಗಿ, ಅಪ್ಪನಲ್ಲಿಲ್ಲದ ಬಾಯೆಲ್ಲ ಅವಳಲ್ಲಿತ್ತು. ಅವಳಿಗೂ ಮೇಣದಬತ್ತಿ ಅಂಗಡಿಯ ಆಡ್ಕಿನ್‌ಗೂ ಮನಸ್ಸು ಕೂಡಿತು. ಆಡ್ಕಿನ್ ಒಳ್ಳೆಯ ಹುಡುಗನೇ, ಆದರೆ ತಾಯಿಯ ಮುಂದೆ ಅವನ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ತಾಯಿ ಐಡೊನಿ ವಿಧವೆ, ಊರಿನ ಚರ್ಚಿಗೆಲ್ಲ ಬತ್ತಿ ಕೊಡುವವಳು. ದೇವರ ಮುಂದೆ ಉರಿಯುವ ಬತ್ತಿ ಅಪ್ಪಟ ಜೇನುಮೇಣದ್ದೇ ಆಗಬೇಕೆಂಬುದು ಚರ್ಚಿನ ಕಟ್ಟಳೆ, ಹಾಗಾಗಿ ಅವಳು ದೇವರಿಗೇ ಹತ್ತಿರದ ನೆಂಟಳಂತೆ ನಡೆಯುತ್ತಿದ್ದಳು. ಗಿಬ್‌ಗೆ ಅವಳ ಮನೆಯ ಪರಿಚಯ ಹಿತ್ತಲ ಬಾಗಿಲಿನಿಂದ ಮಾತ್ರ. ತೊಗಲಿನಿಂದ ಹೆರೆದು ತೆಗೆದ ಕೊಬ್ಬನ್ನು ಅವಳ ಆಳು ಆಗಾಗ ಬಂದು ಗಡಿಗೆಯಲ್ಲಿ ಒಯ್ಯುತ್ತಿದ್ದ. ಗಾಡಿಯ ಅಚ್ಚಿಗೆ ಸವರಲು ಎಂದು ಹೇಳುತ್ತಿದ್ದ.

ಒಂದು ಬೆಳಿಗ್ಗೆ ಐಡೊನಿಯೇ ಗುಂಡಿಗಳ ಹತ್ತಿರ ಬಂದಳು. ಸೊಪ್ಪಿನ ಕಂತೆಯೊಂದನ್ನು ಮೂಗಿಗೆ ಒತ್ತಿಕೊಂಡಿದ್ದಳು.

"ನೋಡಯ್ಯಾ ಗಿಬ್, ಹುಡುಗಿ ಮೇಲೆ ನಂದೇನೂ ತಕರಾರಿಲ್ಲ. ಕೈ ಚುರುಕು, ಬಾಯಿ ಇನ್ನೂ ಚುರುಕು, ಹೋಗ್ಲಿ. ಆದ್ರೆ ಮದುವೆಗೆ ಮುಂಚೆ ಪಾದ್ರಿಗಳು ಮೂರು ಭಾನುವಾರ ಚರ್ಚಲ್ಲಿ ನಿಂತು ಕೂಗ್ಬೇಕಲ್ಲ, ಇಂಥವಳ ಮಗ, ಇಂಥವನ ಮಗಳು ಅಂತ? ನನ್ನ ಬತ್ತಿ ಉರೀತಿರೋ ಜಾಗದಲ್ಲಿ ಸೈತಾನನ ಹೆಸರು ಕೂಗಿಸ್ಲಾ?"

"ಅದು ವೇಷದ ಹೆಸರು ಅಮ್ಮಾವ್ರೇ, ನಂದಲ್ಲ."

"ವೇಷ ಒಂದ್ ದಿನ, ಹೆಸರು ವರ್ಷವಿಡೀ. ಮಾವನ ಹೆಸರು ಅಳಿಯನಿಗೆ ಅಂಟ್ಕೊಳ್ಳೋಕೆ ಎಷ್ಟೊತ್ತು ಬೇಕು? ನಾಳೆ ಊರೋರು ನನ್ನ ಮಗನ್ನ ಆಡ್ಕಿನ್ ಡೆವಿಲ್ ಅಂದ್ರೆ ಸೈತಾನನ ಅಂಗಡಿ ಬತ್ತಿನ ಯಾವ ಪಾದ್ರಿ ಮುಟ್ತಾರೆ? ಹೆಸರು ಕಳಚಿಟ್ಟು ಬಾ, ಆಮೇಲೆ ಮಾತು. ಇಲ್ದಿದ್ರೆ ಹಬ್ಬ ಕಳೀತಿದ್ದ ಹಾಗೇ ನನ್ನ ಮಗನಿಗೆ ಬೇರೆ ಹುಡುಗಿ ನೋಡ್ತೀನಿ."

ಅವಳು ಹೋದ ಮೇಲೆ ಸಿಸೊಟ್ ಒಳಗಿನಿಂದ ಬಂದಳು. ಅವಳ ಕಣ್ಣು ಕೆಂಪಾಗಿತ್ತು. "ಸೊಪ್ಪು ಮೂಗಿಗಲ್ಲ, ಬಾಯಿಗೆ ತುರುಕ್ಬೇಕಿತ್ತು," ಅಂದಳು. ಆದರೆ ಆವತ್ತು ಅವಳು ಬಟಾಣಿ ಗಂಜಿಯನ್ನು ಮುಟ್ಟಲಿಲ್ಲ. ಗಿಬ್ ಅದನ್ನು ಒಲೆಯ ಪಕ್ಕ ಬೆಚ್ಚಗೆ ಮುಚ್ಚಿಟ್ಟ.

ಗಿಬ್ ಲೆಕ್ಕ ಹಾಕಿದ. ವೇಷದಿಂದ ಬಂದ ಹೆಸರು ವೇಷದಿಂದಲೇ ಹೋಗಬೇಕು. ಅದೇ ಗಾಡಿಯ ಮೇಲೆ, ಮೇಲಿನ ಅಟ್ಟದಲ್ಲಿ ಇನ್ನೊಂದು ವೇಷ ಕೂರುತ್ತಿತ್ತಲ್ಲ, ಚಿನ್ನದ ಬಣ್ಣದ ಮುಖವಾಡ ಹಾಕಿಕೊಂಡು? ದೇವರದ್ದು. ಅದನ್ನು ಕಟ್ಟುತ್ತಿದ್ದವನು ಗಿಬ್‌ನ ಕಸುಬಿನವನೇ ಆದ ಪಿಯರ್ಸ್. ಗಿಬ್ ಅವನನ್ನು ಹೆಂಡದಂಗಡಿಗೆ ಕರೆದೊಯ್ದು ನಾಚಿಕೊಂಡು ಕೇಳಿದ.

"ಈ ವರ್ಷ ನಿನ್ನ ಕುರ್ಚಿ ನಂಗೆ ಕೊಡ್ತೀಯಾ?"

"ಕೊಡೋದೇನು, ಹೊತ್ಕೊಂಡ್ ಹೋಗು ಮಾರಾಯ!" ಪಿಯರ್ಸ್ ಲೋಟ ಕುಕ್ಕಿದ. "ಕೂತು ಕೂತು ಸೊಂಟ ಹಿಡ್ಕೊಂಡಿದೆ. ಮೂಗು ತುರಿಸಿದ್ರೆ ಕೆರ್ಕೊಳ್ಳೋ ಹಾಗಿಲ್ಲ, ದೇವ್ರು ಮೂಗು ಕೆರೀತಾನೇನಯ್ಯಾ ಅಂತ ಆಟ ಆಡಿಸೋ ಓಸ್ಬರ್ಟ್ ಬೈತಾನೆ. ಆಟ ಮುಗಿದ್ಮೇಲೆ ನಿಂಗೆ ಊರೆಲ್ಲಾ ಹೆಂಡ ಕೊಡಿಸ್ತಾರೆ. ನಂಗೆ? ದೇವ್ರಿಗೆ ಯಾರು ಹೆಂಡ ಕೊಡಿಸ್ತಾರೆ ಹೇಳು? ಟೋಪಿ ತೆಗೆದು ಆ ಕಡೆಯಿಂದ ಹೋಗ್ತಾರೆ."

ಆಟದ ಯಜಮಾನ ಓಸ್ಬರ್ಟ್‌ಗೆ ಹೇಳುವುದು ಬೇಡ, ಮುಖವಾಡ ಹಾಕಿದ ಮೇಲೆ ಯಾರು ಯಾರೋ ಯಾರಿಗೆ ಗೊತ್ತು ಎಂದು ಇಬ್ಬರೂ ಮಾತಾಡಿಕೊಂಡರು. ಹಬ್ಬದ ದಿನ ಗಾಡಿಯ ಹಿಂದಿನ ಪರದೆಯ ಮರೆಯಲ್ಲಿ ಗಿಬ್ ತನ್ನ ಕೊಂಬಿನ ಮುಖವಾಡವನ್ನು ಪಿಯರ್ಸ್‌ನ ಕೈಗಿಟ್ಟ. ಅಜ್ಜನ ಬೆವರು, ಅಪ್ಪನ ಬೆವರು ಕುಡಿದ ತೊಗಲು ಅದು. "ಎಡಗಿವಿ ಹತ್ರ ಸ್ವಲ್ಪ ಚುಚ್ಚುತ್ತೆ, ಸೈರಿಸ್ಕೋ," ಎಂದು ಅದರ ಕೊಂಬನ್ನೊಮ್ಮೆ ಸವರಿದ. ಪಿಯರ್ಸ್ ಆಗಲೇ ಬಾಲ ಸಿಕ್ಕಿಸಿಕೊಂಡು ಕುಣಿಯುತ್ತಿದ್ದ.

ಮೊದಲ ಆಟ ಚರ್ಚಿನ ಬಾಗಿಲಲ್ಲಿ. ಆಟದ ನಡೆ ಊರಿಗೆಲ್ಲ ಬಾಯಿಪಾಠ. ದೇವರು ಸಿಂಹಾಸನದಿಂದ ಎದ್ದು ಆಚೆ ಹೋಗುತ್ತಾನೆ. ಸೈತಾನ ಕದ್ದು ಹತ್ತಿ ಕೂರುತ್ತಾನೆ. ದೇವರು ತಿರುಗಿ ಬಂದು ಬೆರಳು ತೋರಿಸುತ್ತಾನೆ. ಹಿಂದಿನವರು ಕಲ್ಲು ತುಂಬಿದ ಪೀಪಾಯಿಯನ್ನು ಗಡಗಡ ಉರುಳಿಸುತ್ತಾರೆ, ಅದು ಗುಡುಗು. ಗುಡುಗು ಕೇಳುತ್ತಲೇ ಸೈತಾನ ಅರಚಿಕೊಂಡು ಅಟ್ಟದ ಕಿಂಡಿಯಿಂದ ಕೆಳಗಿನ ನರಕದ ಬಾಯಿಗೆ ಬೀಳಬೇಕು. ಅಲ್ಲಿ ಒದ್ದೆ ಹುಲ್ಲಿನ ಹೊಗೆ, ಮೆತ್ತಗಿರಲಿ ಎಂದು ಉಣ್ಣೆಯ ಮೂಟೆ.

ಎಲ್ಲ ಸರಿಯಾಗೇ ನಡೆಯಿತು. ಗಿಬ್ ಚಿನ್ನದ ಮುಖವಾಡದೊಳಗಿಂದ ಮಾತುಗಳನ್ನು ಮೆಲ್ಲಗೆ ಹೇಳಿದ, ಪಿಯರ್ಸ್ ಸಿಂಹಾಸನದ ಮೇಲೆ ಕಾಲು ಚಾಚಿ ಕೂತು ಜನರನ್ನು ನಗಿಸಿದ. ದೇವರಾದ ಗಿಬ್ ಕಿಂಡಿಯ ಪಕ್ಕ ಬಂದು ನಿಂತು ಬೆರಳೆತ್ತಿದ. ಪೀಪಾಯಿ ಉರುಳಿತು.

ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ. ಆ ಗಡಗಡ ಕಿವಿಗೆ ಬಿದ್ದದ್ದೇ ತಡ, ಗಿಬ್‌ನ ತಲೆಯನ್ನು ಕೇಳದೆಯೇ ಅವನ ಕಾಲುಗಳು ಎದ್ದವು. "ಅಯ್ಯಯ್ಯೋ ಕೆಟ್ಟೆ!" ಎಂದು ಊರು ನಡುಗುವಂತೆ ಅರಚಿ, ದೇವರು ತಾನೇ ಕಿಂಡಿಗೆ ಹಾರಿ ನರಕಕ್ಕೆ ಬಿದ್ದುಬಿಟ್ಟ. ಮೇಲೆ ಸಿಂಹಾಸನದಲ್ಲಿ ಸೈತಾನ ಒಬ್ಬನೇ ಉಳಿದ.

ಹಿಂದಿದ್ದವರು ತುದಿಗಾಲಲ್ಲಿ ನಿಂತು ಇಣುಕಿದರು. ಪಾದ್ರಿ ತಲೆಯೆತ್ತಿ ಆಕಾಶ ನೆಟ್ಟಗಿದೆಯೇ ಎಂದು ನೋಡಿದ. ಪಿಯರ್ಸ್ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಕಿಂಡಿಗೆ ಬಗ್ಗಿ ನೋಡಿದ.

"ಅಲ್ಲಾ... ಈಗ ನಾನೇನ್ ಮಾಡ್ಲಿ?"

"ಆರಾಮಾಗಿ ಕೂತ್ಕೊಳ್ಳಯ್ಯಾ, ಇನ್ಮೇಲೆ ನಿಂದೇ ರಾಜ್ಯ!" ಎಂದು ಯಾರೋ ಕೂಗಿದರು. ಆಮೇಲೆ ಎದ್ದ ನಗುವಿಗೆ ಚರ್ಚಿನ ಪಾರಿವಾಳಗಳೆಲ್ಲ ಹಾರಿಹೋದವು. ಕೆಳಗಿನ ಹೊಗೆಯಿಂದ ಕೆಮ್ಮಿನ ಜೊತೆ ಒಂದು ದನಿ ಬಂತು. "ತಪ್ಪಾಯ್ತು, ತಪ್ಪಾಯ್ತು." ಊರಿಗೆಲ್ಲ ಪರಿಚಯದ ದನಿ. "ಅರೇ, ಡೆವಿಲ್ ಗಿಬ್ ಕಣ್ರೋ! ಸ್ವರ್ಗದಲ್ಲಿ ಕೂರಿಸಿದ್ರೂ ಮನೆಗೇ ಓಡಿಹೋದ!" ಎಂದು ಗುಂಪು ಕೂಗಿತು.

ಓಸ್ಬರ್ಟ್ ಇಬ್ಬರಿಗೂ ಬೈದ ಬೈಗುಳವನ್ನು ಇಲ್ಲಿ ಬರೆಯುವುದು ಬೇಡ. ಗಾಡಿ ಎಳೆಯುವವರು ನಗು ತಡೆಯಲಾರದೆ ನಿಂತು ನಿಂತು ಎಳೆದರು. ಎರಡನೇ ಆಟ ಐಡೊನಿಯ ಮನೆಯ ಮುಂದೆ. ಗಾಡಿಗಿಂತ ಮುಂಚೆ ಸುದ್ದಿ ಅಲ್ಲಿಗೆ ಮುಟ್ಟಿತ್ತು, ಕಾಲಿಡಲೂ ಜಾಗವಿಲ್ಲದಷ್ಟು ಜನ ಸೇರಿದ್ದರು. ಐಡೊನಿ ಮೇಲಿನ ಕಿಟಕಿಯಲ್ಲಿ ಹೊಸ ಮುಸುಕು ಹೊದ್ದು ಕೂತಿದ್ದಳು. ಅವಳ ತುಟಿ ಬಿಗಿದುಕೊಂಡಿತ್ತು.

ಗಾಡಿಯ ಹಿಂದೆ ಗಿಬ್ ಮಸಿ ಮೆತ್ತಿದ ಚಿನ್ನದ ಮುಖವಾಡವನ್ನು ತೊಡೆಯ ಮೇಲಿಟ್ಟುಕೊಂಡು ತಲೆ ಬಗ್ಗಿಸಿ ಕೂತಿದ್ದ. ಸಿಸೊಟ್ ಜನರನ್ನು ನೂಕಿಕೊಂಡು ಬಂದಳು.

"ಎಲ್ಲಾ ಹಾಳು ಮಾಡ್ದೆ ಕಣಮ್ಮಾ," ಅಂದ ಗಿಬ್. "ಈ ಸಲ ಬೀಳಲ್ಲ. ಕಂಬಕ್ಕೆ ಕಾಲು ಕಟ್ಟಿಸ್ಕೊಂಡು ನಿಲ್ತೀನಿ."

"ಅಪ್ಪಾ, ಕೊಡು ಆ ದೇವರನ್ನ ಪಿಯರ್ಸ್ ಮಾವನಿಗೆ."

"ನಿನ್ನ ಮದುವೆ..."

"ದೇವರು ನರಕಕ್ಕೆ ಬೀಳೋ ಊರಲ್ಲಿ ನಂಗ್ಯಾವ ಮದುವೆ?" ಅವಳು ನಕ್ಕಳು, ಹಾಗೇ ಅತ್ತಳು. "ನಾನು ಆಡ್ಕಿನ್‌ನ ಬಿಟ್ಟು ಬದುಕಬಲ್ಲೆ, ಕಷ್ಟ ಆಗತ್ತೆ ಅಷ್ಟೆ. ಆದ್ರೆ ನೀನು ಆ ಕುರ್ಚಿ ಮೇಲೆ ಸಣ್ಣ ದನೀಲಿ ಗೊಣಗೋದನ್ನ ನೋಡೋಕಾಗಲ್ಲಪ್ಪ. ವರ್ಷಕ್ಕೆ ಒಂದ್ ದಿನ ನೀನು ರಾಜ. ಅದನ್ನೂ ನಂಗೋಸ್ಕರ ಮಾರ್ಕೋಬೇಡ. ಹೋಗು, ಆ ಕಿಟಕಿ ಅದುರೋ ಹಾಗೆ ಅರಚು."

ಗಿಬ್ ಚಿನ್ನದ ಮುಖವಾಡದ ಮಸಿ ಒರೆಸಿ ಪಿಯರ್ಸ್ ಕಡೆ ಚಾಚಿದ. ಪಿಯರ್ಸ್ ಮುಖ ಸಪ್ಪಗೆ ಮಾಡಿಕೊಂಡು ಕೊಂಬಿನ ಮುಖವಾಡ ಬಿಚ್ಚಿ ಕೊಟ್ಟ. "ನಿಜ ಕಣೋ, ಎಡಗಿವಿ ಹತ್ರ ಚುಚ್ಚುತ್ತೆ," ಅಂದ.

ಆವತ್ತಿನಂಥ ಬೀಳುವಿಕೆಯನ್ನು ಕೆಲ್ಡರ್‌ಬಿ ಕಂಡಿರಲಿಲ್ಲ. ಪೀಪಾಯಿ ಉರುಳಿತು, ಗಿಬ್ ಹಾರಿದ, ಅವನ ಅರಚಾಟಕ್ಕೆ ಐಡೊನಿಯ ಕಿಟಕಿಯ ಹಲಗೆ ನಿಜಕ್ಕೂ ಅದುರಿತು. ಆಮೇಲೆ ನರಕದ ಬಾಯಿಯಿಂದ ಹೊಗೆಯ ಸಮೇತ ನುಗ್ಗಿ ಗುಂಪಿಗೆ ಬಂದ.

"ಸೌದೆ ಬೇಕು, ಸೌದೆ! ಬಾರಪ್ಪಾ ಗಿರಣಿಯ ಹಾಬ್, ತಕ್ಕಡಿ ಮೇಲಿಡೋ ಆ ಹೆಬ್ಬೆಟ್ಟು ಎಷ್ಟು ಭಾರ ಮಾರಾಯ? ಅದೊಂದೇ ಸಾಕು ನಂಗೆ ಚಳಿಗಾಲಕ್ಕೆ! ಓಸ್ಬರ್ಟಣ್ಣಾ, ನೀನೀಗ ಬೈದ ಬೈಗುಳ ನರಕದಲ್ಲೂ ಯಾರಿಗೂ ಬರಲ್ಲ, ಬಾ, ನಮ್ಮೋರಿಗೆ ಪಾಠ ಹೇಳು!"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಗಿಬ್ ಹಾಗೇ ಬರುತ್ತಾ ಐಡೊನಿಯ ಬಾಗಿಲ ಮುಂದೆ ಗಕ್ಕನೆ ನಿಂತ. ತಲೆಯೆತ್ತಿದ. ಮೂಗಾಡಿಸಿದ. ಮತ್ತೊಮ್ಮೆ ಮೂಗಾಡಿಸಿದ.

"ಏನೋ ವಾಸನೆ," ಅಂದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಐಡೊನಿ ಎರಡು ಕೈಯಲ್ಲೂ ಕಿಟಕಿಯ ಕಟ್ಟೆ ಹಿಡಿದುಕೊಂಡಳು. ಯಾಕೆಂದರೆ ಗಿಬ್‌ಗೆ ಗೊತ್ತಿದ್ದ ಒಂದು ಸಂಗತಿ ಅವಳಿಗೂ ಗೊತ್ತಿತ್ತು. ಗಾಡಿಯ ಅಚ್ಚಿಗೆಂದು ಗಡಿಗೆಗಟ್ಟಲೆ ಕೊಬ್ಬು ಹೋಗುತ್ತಿದ್ದ ಆ ಮನೆಯಲ್ಲಿ ಗಾಡಿಯೇ ಇರಲಿಲ್ಲ. ಕೊಬ್ಬು ಹೋಗುತ್ತಿದ್ದದ್ದು ದೇವರ ಬತ್ತಿಯೊಳಗೆ. ಮೇಲೆ ಒಂದು ಪದರ ಜೇನುಮೇಣ, ಒಳಗೆ ಗಿಬ್‌ನ ದನದ ಕೊಬ್ಬು. ಗಿಬ್ ಇದನ್ನು ಯಾವತ್ತೂ ಎತ್ತಿ ಆಡಿರಲಿಲ್ಲ. ಗಂಡನಿಲ್ಲದವಳು, ಹೇಗೋ ಬದುಕಿಕೊಳ್ಳಲಿ ಎಂದು ಸುಮ್ಮನಿದ್ದ.

ಈಗ ಊರೆಲ್ಲ ಸೈತಾನನ ಬಾಯನ್ನೇ ನೋಡುತ್ತಿತ್ತು. ಒಂದು ಮಾತು ಆಡಿದರೆ ಸಾಕಿತ್ತು. ಆ ಸೊಪ್ಪಿನ ಕಂತೆ ಗಿಬ್‌ನ ಕಣ್ಣ ಮುಂದೆ ಬಂತು, ಮಗಳು ಮುಟ್ಟದ ಗಂಜಿಯೂ ಬಂತು. ಮೈಯೆಲ್ಲ ಉರಿಯಿತು. ಬಾಗಿಲಲ್ಲಿ ಆಡ್ಕಿನ್ ಬಿಳಿಚಿಕೊಂಡು ನಿಂತಿದ್ದ. ಅವನ ಕೈಯನ್ನು ಸಿಸೊಟ್ ಯಾವಾಗ ಬಂದು ಹಿಡಿದುಕೊಂಡಿದ್ದಳೋ ಏನೋ.

"ಎಂಥಾ ವಾಸನೆ ಇದು?" ಗಿಬ್ ಮೂರನೇ ಸಲ ಮೂಗಾಡಿಸಿದ, ಸಾವಕಾಶವಾಗಿ. ಐಡೊನಿಯ ಮುಖ ಅವಳದೇ ಮೇಣದ ಬಣ್ಣಕ್ಕೆ ತಿರುಗಿತು. ಆಗ ಸೈತಾನ ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡು ಬೊಬ್ಬೆ ಹೊಡೆದ. "ಜೇನು! ಅಪ್ಪಟ ಜೇನುಮೇಣ! ಅಯ್ಯೋ ಕಣ್ಣು ಉರಿ, ಅಯ್ಯೋ ಮೂಗು ಉರಿ! ಈ ಮನೆ ಬತ್ತಿ ಉರಿಯೋ ಕಡೆ ನನ್ನ ಕೈಲಿ ನಿಲ್ಲೋಕಾಗಲ್ಲಪ್ಪೋ!" ಎನ್ನುತ್ತಾ ಬಾಲ ಎತ್ತಿಕೊಂಡು ಬೀದಿಯುದ್ದಕ್ಕೂ ಓಡಿ, ಗಾಡಿ ಹತ್ತಿ, ನರಕದ ಬಾಯಿಗೆ ತಾನೇ ಹಾರಿಕೊಂಡ.

ಸಂಜೆಯೊಳಗೆ ಐಡೊನಿಯ ಅಂಗಡಿಯಲ್ಲಿ ಒಂದು ಬತ್ತಿಯೂ ಉಳಿಯಲಿಲ್ಲ. ಸೈತಾನನೇ ಹೆದರಿ ಓಡಿದ ಬತ್ತಿ ಯಾರಿಗೆ ಬೇಡ?

ಮರುದಿನ ಅವಳು ಗುಂಡಿಗಳ ಹತ್ತಿರ ಬಂದಳು. ಸೊಪ್ಪಿನ ಕಂತೆ ಕೈಯಲ್ಲೇ ಇತ್ತು, ಮೂಗಿಗೇರಲಿಲ್ಲ. ಅದನ್ನು ಗುಂಡಿಗೆ ಎಸೆದಳು.

"ಯಾವಾಗಿಂದ ಗೊತ್ತಿತ್ತು?"

"ನಿಮ್ಮನೇಲಿ ಗಾಡಿ ಇಲ್ಲ ಅಂತ ಮೊದಲಿಂದ್ಲೂ ಗೊತ್ತು ಅಮ್ಮಾವ್ರೇ."

"ಮತ್ತೆ ನಿನ್ನೆ ಯಾಕೆ ಹೇಳ್ಲಿಲ್ಲ? ನಾನು ನಿಂಗೆ ಅಷ್ಟೆಲ್ಲಾ ಅಂದಿದ್ದೆ."

"ಮಗಳು ಬಾಳಿ ಬದುಕ್ಬೇಕು ಅಂತಿರೋ ಮನೆಗೆ ನಾನೇ ಬೆಂಕಿ ಇಡ್ಲಾ?" ಗಿಬ್ ತೊಗಲು ಹೆರೆಯುವ ಕತ್ತಿಯನ್ನು ನೋಡುತ್ತಾ ಹೇಳಿದ. ಆಮೇಲೆ ತನ್ನ ಮಾಮೂಲಿ ಮೆಲುದನಿಯಲ್ಲಿ ಸೇರಿಸಿದ. "ಒಂದ್ ಮಾತು. ಇನ್ಮೇಲೆ ಅಚ್ಚಿಗೆ ಕೊಬ್ಬು ಕೊಡಲ್ಲ. ಬತ್ತಿ ಅಪ್ಪಟ ಜೇನುಮೇಣದ್ದೇ ಆಗ್ಲಿ. ಹಬ್ಬ ವರ್ಷ ವರ್ಷ ಬರ್ತದೆ ನೋಡಿ, ನನ್ನ ಮೂಗೂ ಇರ್ತದೆ."

ಐಡೊನಿ ಅವನನ್ನು ದಿಟ್ಟಿಸಿ ನೋಡಿದಳು. ಅವಳ ತುಟಿಯ ಬಿಗಿ ಸಡಿಲಾಯಿತು. "ಹಸು ಅಂದ್ಕೊಂಡಿದ್ದೆ," ಅಂದಳು. "ಭಾನುವಾರ ಚರ್ಚಿಗೆ ಶುಭ್ರವಾಗಿ ಬನ್ನಿ, ಬೀಗರೇ."

ಆ ವಾರವೇ ಅವಳ ಅಂಗಡಿಯ ಮೇಲೆ ಹೊಸ ಹಲಗೆ ಬಂತು. ಕೆಂಪು ಬಣ್ಣದ ಸೈತಾನ ಬಾಲ ಎತ್ತಿ ಓಡುತ್ತಿದ್ದಾನೆ, ಪಕ್ಕದಲ್ಲಿ ಒಂದು ಬತ್ತಿ ಉರಿಯುತ್ತಿದೆ. ಬಣ್ಣ ಒಣಗುವ ಮೊದಲೇ ಜನ ಆಡ್ಕಿನ್‌ನನ್ನು ಆಡ್ಕಿನ್ ಡೆವಿಲ್ ಎಂದು ಕರೆಯಲು ಶುರುಮಾಡಿದರು. ಅವನ ತಾಯಿ ಅದನ್ನು ಕೇಳಿಸಿಕೊಂಡರೂ ಸುಮ್ಮನಿದ್ದಳು.

ಭಾನುವಾರ ಚರ್ಚು ಕಿಕ್ಕಿರಿದಿತ್ತು. ಗಿಬ್ ಹೊಳೆಯಲ್ಲಿ ಮೈ ಉಜ್ಜಿ ಉಜ್ಜಿ ತೊಳೆದು ಬಂದು, ರೂಢಿಯಂತೆ ಎಲ್ಲರಿಗಿಂತ ಹಿಂದೆ, ಬಾಗಿಲ ಗಾಳಿಗೆ ನಿಂತಿದ್ದ. ಪಾದ್ರಿ ಎದ್ದು ವಿಧವೆ ಐಡೊನಿಯ ಮಗ ಆಡ್ಕಿನ್ ಎಂದು ಸ್ಪಷ್ಟವಾಗಿ ಹೇಳಿದ. ಆಮೇಲೆ ಪೀಠದ ಮೇಲಿನ ಬತ್ತಿಗಳನ್ನೊಮ್ಮೆ ನೋಡಿ, ಶಿಲುಬೆಯನ್ನೊಮ್ಮೆ ನೋಡಿ, ಕೆಮ್ಮಿ, "ಹಾಗೂ ಗಿಲ್ಬರ್ಟ್... ಮ್ಮ್... ನ ಮಗಳು ಸಿಸೊಟ್" ಎಂದು ಬಾಯೊಳಗೇ ಗೊಣಗಿದ. ಗಿಬ್ ತಲೆ ತಗ್ಗಿಸಿದ.

ಮುಂದಿನ ಸಾಲಿನಲ್ಲಿ ಐಡೊನಿ ಎದ್ದು ನಿಂತಳು.

"ಹೆಸರು ಪೂರ್ತಿ ಹೇಳಿ ಸ್ವಾಮಿ, ಅದೂ ಜೋರಾಗಿ," ಅಂದಳು. "ನಮ್ಮ ಬೀಗರು ಬಾಗಿಲ ಹತ್ರ ನಿಂತಿದ್ದಾರೆ, ಅವರಿಗೂ ಕೇಳಿಸ್ಲಿ."